1996ರ ಲೋಕಸಭಾ ಚುನಾವಣೆಯ ಅಂಕಿಅಂಶ ವರದಿ: ಏನಿದೆ, ಏನಿಲ್ಲ, ಎಲ್ಲಿಂದ ಓದಬೇಕು

ದೇವೇಗೌಡರು ಪ್ರಧಾನಿ ಆದದ್ದು ಹೇಗೆ ಅಂತ ಕೇಳಿದರೆ ಕರ್ನಾಟಕದಲ್ಲಿ ಹತ್ತು ಜನ ಹತ್ತು ಉತ್ತರ ಕೊಡುತ್ತಾರೆ. ಅದೃಷ್ಟ ಅನ್ನುವವರು ಇದ್ದಾರೆ, ಜ್ಯೋತಿ ಬಸು ಅವರನ್ನು ಅವರ ಪಕ್ಷವೇ ಬಿಡಲಿಲ್ಲ, ಅದಕ್ಕೆ ಗೌಡರಿಗೆ ಒಲಿಯಿತು ಅನ್ನುವವರೂ ಇದ್ದಾರೆ. ಈ ಮಾತುಗಳನ್ನು ಒರೆಗೆ ಹಚ್ಚಿ ನೋಡಲು ಒಂದು ಗಟ್ಟಿ ಆಕರ ಇದೆ: ಹನ್ನೊಂದನೇ ಲೋಕಸಭೆಯ ಸಾರ್ವತ್ರಿಕ ಚುನಾವಣೆ ಕುರಿತು ಭಾರತದ ಚುನಾವಣಾ ಆಯೋಗ ಪ್ರಕಟಿಸಿರುವ ಅಂಕಿಅಂಶ ವರದಿ. ಎರಡು ಸಂಪುಟ, ಪಿಡಿಎಫ್ ರೂಪದಲ್ಲಿ ಉಚಿತ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು, ಪತ್ರಕರ್ತರು, ರಾಜ್ಯಶಾಸ್ತ್ರ ಕಲಿಸುವವರು ಇದನ್ನು ಒಮ್ಮೆಯಾದರೂ ತೆರೆದು ನೋಡಲೇಬೇಕು.

ಮೊದಲೇ ತೀರ್ಪು ಹೇಳಿಬಿಡುತ್ತೇವೆ. ಆ ಲೋಕಸಭೆ ಅತಂತ್ರವಾದದ್ದು ಏಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇರೆಲ್ಲೂ ಸಿಗುವುದಿಲ್ಲ. ಸರ್ಕಾರ ಬಿದ್ದದ್ದು ಏಕೆ ಎಂಬುದಕ್ಕೆ ಮಾತ್ರ ಈ ವರದಿ ಸಾಲದು, ಜೊತೆಗೆ ಲೋಕಸಭಾ ಚರ್ಚೆಗಳ ಸಂಪುಟ ಬೇಕು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದವರಿಗೆ ಆ ಹದಿನೆಂಟು ತಿಂಗಳ ರಾಜಕೀಯ ನಿಚ್ಚಳವಾಗಿ ಕಾಣುತ್ತದೆ.

ಸಂಪುಟಗಳಲ್ಲಿ ಏನಿದೆ

ಮೊದಲ ಸಂಪುಟದಲ್ಲಿ ದೇಶದ ಮತ್ತು ರಾಜ್ಯಗಳ ಸಾರಾಂಶ ಕೋಷ್ಟಕಗಳು, ಅವುಗಳ ಹಿಂದೆ ಪ್ರತಿ ಕ್ಷೇತ್ರದ ಅಭ್ಯರ್ಥಿವಾರು ಫಲಿತಾಂಶ. ಕಣದಲ್ಲಿದ್ದ ಪಕ್ಷಗಳ ಪಟ್ಟಿ, 543 ಕ್ಷೇತ್ರಗಳ ವರ್ಗ (ಸಾಮಾನ್ಯ 423, ಪರಿಶಿಷ್ಟ ಜಾತಿ 79, ಪರಿಶಿಷ್ಟ ಪಂಗಡ 41), ಮತದಾರರ ಸಂಖ್ಯೆ, ಮತಗಟ್ಟೆಗಳು, ಠೇವಣಿ ಕಳೆದುಕೊಂಡವರು, ಗೆದ್ದವರ ಪಟ್ಟಿ, ಮಹಿಳಾ ಅಭ್ಯರ್ಥಿಗಳು, ಪಕ್ಷವಾರು ಮತಗಳು ಎಲ್ಲ ಇಲ್ಲೇ ಸಿಗುತ್ತವೆ. ಎರಡನೇ ಸಂಪುಟದಲ್ಲಿ ಕ್ಷೇತ್ರಕ್ಕೊಂದರಂತೆ ಸಾರಾಂಶ: ಎಷ್ಟು ನಾಮಪತ್ರ ಬಂದವು, ಎಷ್ಟು ತಿರಸ್ಕೃತವಾದವು, ಎಷ್ಟು ಜನ ವಾಪಸ್ ಪಡೆದರು, ಎಷ್ಟು ಮತ ಅಸಿಂಧುವಾದವು, ಮತದಾನ ಮತ್ತು ಎಣಿಕೆಯ ದಿನ, ಗೆಲುವಿನ ಅಂತರ. ಒಂದೇ ಕ್ಷೇತ್ರದ ಮೇಲೆ ಲೇಖನ ಬರೆಯುವವರು ಎರಡನೇ ಸಂಪುಟದಿಂದಲೇ ಶುರು ಮಾಡಿದರೆ ಸಮಯ ಉಳಿಯುತ್ತದೆ. ಉಳಿದವರಿಗೆ ಮೊದಲನೆಯದೇ ಮುಖ್ಯ.

ಮತದಾರರು 59.25 ಕೋಟಿ. ಮತ ಹಾಕಿದವರು ಶೇ 57.94. ಅಭ್ಯರ್ಥಿಗಳು 13,952. ದೇಶದ ಬಹುಭಾಗದಲ್ಲಿ ಏಪ್ರಿಲ್ 27, ಮೇ 2 ಮತ್ತು ಮೇ 7ರಂದು ಮತದಾನ ನಡೆಯಿತು. ಜಮ್ಮು–ಕಾಶ್ಮೀರದಲ್ಲಿ ಮಾತ್ರ ಮೇ ಕೊನೆಯವರೆಗೂ ಎಳೆಯಿತು.

ಶೇಕಡಾವಾರು ಲೆಕ್ಕದ ತೊಡಕು

ಈ ವರದಿ ಬಳಸುವವರು ಅತಿ ಹೆಚ್ಚು ಎಡವುವುದು ಶೇಕಡಾವಾರು ಕಾಲಂನಲ್ಲಿ. ಪಕ್ಷಗಳ ಮತಪ್ರಮಾಣವನ್ನು ಲೆಕ್ಕ ಹಾಕಿರುವುದು ಸಿಂಧು ಮತಗಳ ಮೇಲೆ, ಚಲಾವಣೆಯಾದ ಒಟ್ಟು ಮತಗಳ ಮೇಲೆ ಅಲ್ಲ. 1996ರಲ್ಲಿ ಚಲಾವಣೆಯಾದದ್ದು 34.33 ಕೋಟಿ, ಪಕ್ಷಗಳ ಲೆಕ್ಕಕ್ಕೆ ಸೇರಿದ್ದು 33.49 ಕೋಟಿ. ನಡುವಿನ ವ್ಯತ್ಯಾಸ ಸುಮಾರು 84 ಲಕ್ಷ. ಆಗ ಎಲ್ಲ ಕಡೆ ಮತಪತ್ರ ಮತ್ತು ಮುದ್ರೆ. ಎರಡು ಚಿಹ್ನೆಗಳ ನಡುವೆ ಮುದ್ರೆ ಬಿದ್ದರೆ, ಎರಡೆರಡು ಕಡೆ ಒತ್ತಿದರೆ ಮತ ತಿರಸ್ಕೃತ. ಎಲೆಕ್ಟ್ರಾನಿಕ್ ಮತಯಂತ್ರ ಬಂದ ಮೇಲಿನ ಚುನಾವಣೆಗಳ ಜೊತೆ ಹೋಲಿಸುವಾಗ ಇದನ್ನು ಮರೆತರೆ ಮತದಾನದ ಪ್ರಮಾಣ ಮತ್ತು ಪಕ್ಷಗಳ ಮತ ಎರಡನ್ನೂ ತಪ್ಪಾಗಿ ಕೂಡಿಸುತ್ತೀರಿ.

ಇನ್ನೊಂದು ತೊಡಕು. ರಾಷ್ಟ್ರೀಯ ಪಕ್ಷಗಳ ಕೋಷ್ಟಕದಲ್ಲಿ ಎರಡು ಬಗೆಯ ಪ್ರಮಾಣ ಇರುತ್ತದೆ. ಒಂದು ಇಡೀ ದೇಶದ ಸಿಂಧು ಮತಗಳಲ್ಲಿ ಎಷ್ಟು ಪಾಲು, ಇನ್ನೊಂದು ಆ ಪಕ್ಷ ಸ್ಪರ್ಧಿಸಿದ ಕ್ಷೇತ್ರಗಳಲ್ಲಿ ಮಾತ್ರ ಎಷ್ಟು ಪಾಲು. ಕಾಂಗ್ರೆಸ್ 529 ಕಡೆ ನಿಂತಿತ್ತು, ಬಿಜೆಪಿ 471 ಕಡೆ. ಎಡಪಕ್ಷಗಳಂಥ ಕೆಲವೇ ಕಡೆ ನಿಲ್ಲುವ ಪಕ್ಷಗಳಿಗೆ ಎರಡು ಕಾಲಂಗಳ ನಡುವೆ ಭಾರಿ ಅಂತರ ಬರುತ್ತದೆ. ಲೇಖನದಲ್ಲಿ ಯಾವ ಕಾಲಂ ಬಳಸಿದ್ದೀರಿ ಅಂತ ಒಂದು ಸಾಲು ಬರೆಯದಿದ್ದರೆ ಓದುಗರಿಗೆ ಅನ್ಯಾಯ.

ವರದಿಯ ಜೀವ ಇರುವುದು ರಾಜ್ಯವಾರು ಕೋಷ್ಟಕದಲ್ಲಿ

ಸಾಮಾನ್ಯವಾಗಿ ಎಲ್ಲರೂ ಉದ್ಧರಿಸುವುದು ದೇಶದ ಒಟ್ಟು ಲೆಕ್ಕವನ್ನು: ಬಿಜೆಪಿ 161, ಕಾಂಗ್ರೆಸ್ 140, ಜನತಾದಳ 46, ಸಿಪಿಎಂ 32, ತಮಿಳು ಮಾನಿಲ ಕಾಂಗ್ರೆಸ್ 20, ಡಿಎಂಕೆ 17, ಸಮಾಜವಾದಿ 17, ತೆಲುಗು ದೇಶಂ 16, ಶಿವಸೇನೆ 15, ಸಿಪಿಐ 12, ಬಿಎಸ್‌ಪಿ 11. ಇದರಿಂದ ಯಾರಿಗೂ ಬಹುಮತ ಇಲ್ಲ ಅನ್ನುವುದು ಗೊತ್ತಾಗುತ್ತದೆ, ಕಾರಣ ಗೊತ್ತಾಗುವುದಿಲ್ಲ. ಮತಗಳ ಕಡೆ ನೋಡಿದರಂತೂ ಗೊಂದಲ ಹೆಚ್ಚುತ್ತದೆ. ಕಾಂಗ್ರೆಸ್‌ಗೆ 9.65 ಕೋಟಿ ಮತ, ಶೇ 28.80. ಬಿಜೆಪಿಗೆ 6.80 ಕೋಟಿ ಮತ, ಶೇ 20.29. ಎಂಟೂವರೆ ಅಂಶ ಮುಂದಿದ್ದ ಪಕ್ಷ 21 ಸೀಟು ಹಿಂದೆ! ಭಾಗಿಸಿ ನೋಡಿ: ಒಂದು ಸೀಟಿಗೆ ಕಾಂಗ್ರೆಸ್ ತೆತ್ತ ಮತ ಸುಮಾರು 6.89 ಲಕ್ಷ, ಬಿಜೆಪಿ ತೆತ್ತದ್ದು 4.22 ಲಕ್ಷ.

ಏಕೆ ಹೀಗಾಯಿತು? ರಾಜ್ಯಗಳಲ್ಲಿ ಪಕ್ಷಗಳು ಗೆದ್ದ ಸೀಟುಗಳ ಕೋಷ್ಟಕ ತೆರೆಯಿರಿ. ಬಿಜೆಪಿ ಕಾಲಂ ಮೇಲಿಂದ ಕೆಳಗೆ ಓದಿ. ಉತ್ತರ ಪ್ರದೇಶ 52, ಮಧ್ಯಪ್ರದೇಶ 27, ಬಿಹಾರ 18, ಮಹಾರಾಷ್ಟ್ರ 18, ಗುಜರಾತ್ 16, ರಾಜಸ್ಥಾನ 12. ಈ ಆರು ರಾಜ್ಯಗಳಲ್ಲೇ 143 ಆಯಿತು. ಉಳಿದ 18ರಲ್ಲಿ ಆರು ಕರ್ನಾಟಕದ್ದು, ಐದು ದೆಹಲಿಯದು, ನಾಲ್ಕು ಹರಿಯಾಣದ್ದು, ಜಮ್ಮು–ಕಾಶ್ಮೀರ, ಅಸ್ಸಾಂ, ಚಂಡೀಗಢದಲ್ಲಿ ಒಂದೊಂದು. ಆಂಧ್ರ, ತಮಿಳುನಾಡು, ಕೇರಳ, ಪಶ್ಚಿಮ ಬಂಗಾಳ, ಒಡಿಶಾದಲ್ಲಿ ಸೊನ್ನೆ. ಮತ ಒಂದೇ ಕಡೆ ಗುಂಪುಗೂಡಿದ್ದರಿಂದ ಕಡಿಮೆ ಮತಕ್ಕೆ ಹೆಚ್ಚು ಸೀಟು ಬಂತು. ಅದೇ ಕಾರಣಕ್ಕೆ ಸೀಟುಗಳು ಬಹುಮತಕ್ಕೆ ಬೇಕಾದ 272ರ ಹತ್ತಿರಕ್ಕೂ ಏರಲಿಲ್ಲ. ಕಾಂಗ್ರೆಸ್ ಇದಕ್ಕೆ ತದ್ವಿರುದ್ಧ. ಪ್ರತಿ ರಾಜ್ಯದಲ್ಲೂ ಇತ್ತು, ಹೆಚ್ಚಿನ ಕಡೆ ಎರಡನೇ ಸ್ಥಾನದಲ್ಲಿತ್ತು. ತಮಿಳುನಾಡಿನಲ್ಲಿ ಶೇ 18ರಷ್ಟು ಮತ ಪಡೆದೂ ಒಂದೇ ಒಂದು ಸೀಟು ಬರಲಿಲ್ಲ. ಅಲ್ಲಿನ 39ರಲ್ಲಿ 37 ಡಿಎಂಕೆ ಮತ್ತು ಮಾನಿಲ ಕಾಂಗ್ರೆಸ್ ಪಾಲಾದವು, ಎರಡು ಸಿಪಿಐಗೆ.

ಈಗ ಜನತಾದಳದ ಕಾಲಂ ನೋಡಿ, ಪ್ರಧಾನಿ ಪಟ್ಟ ಕರ್ನಾಟಕಕ್ಕೆ ಬಂದದ್ದರ ಹಿನ್ನೆಲೆ ಅಲ್ಲಿದೆ. 46ರಲ್ಲಿ ಬಿಹಾರದ್ದು 22, ಕರ್ನಾಟಕದ್ದು 16, ಒಡಿಶಾ 4, ಉತ್ತರ ಪ್ರದೇಶ 2, ಕೇರಳ ಮತ್ತು ಜಮ್ಮು–ಕಾಶ್ಮೀರದಲ್ಲಿ ಒಂದೊಂದು. ಎರಡೇ ರಾಜ್ಯಗಳ ಬಲದ ಮೇಲೆ ನಿಂತ ಪಕ್ಷ ಅದು. ಕರ್ನಾಟಕದ 28ರಲ್ಲಿ 16 ಗೆದ್ದು ಕೊಟ್ಟ ಮುಖ್ಯಮಂತ್ರಿಗೆ ಪಕ್ಷದೊಳಗೆ ಎಷ್ಟು ತೂಕ ಬಂತು ಎಂಬುದನ್ನು ಈ ಒಂದು ಸಾಲು ಹೇಳುತ್ತದೆ. ಗೌಡರದ್ದು ಬರೀ ಅದೃಷ್ಟ ಅನ್ನುವವರಿಗೆ ನಾವು ಈ ಕೋಷ್ಟಕವನ್ನೇ ತೋರಿಸುತ್ತೇವೆ. ಉಳಿದ 12ರಲ್ಲಿ ಬಿಜೆಪಿ 6, ಕಾಂಗ್ರೆಸ್ 5, ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಪಕ್ಷ 1.

ಮೈತ್ರಿಕೂಟ ಎಂಬ ಕಾಲಂ ಇಲ್ಲ

ವರದಿಯ ದೊಡ್ಡ ಕೊರತೆ ಇದು. ಆಯೋಗಕ್ಕೆ ಪಕ್ಷ ಗೊತ್ತು, ಕೂಟ ಗೊತ್ತಿಲ್ಲ. ಪಕ್ಷಗಳನ್ನು ರಾಷ್ಟ್ರೀಯ, ರಾಜ್ಯ, ನೋಂದಾಯಿತ, ಪಕ್ಷೇತರ ಎಂದು ವಿಂಗಡಿಸಿದೆ ಅಷ್ಟೆ. ದೇವೇಗೌಡರ ಸರ್ಕಾರ ನಡೆಸಿದ ಕೂಟವಾದ ‘ಸಂಯುಕ್ತ ರಂಗ’ದ ಹೆಸರೇ ವರದಿಯಲ್ಲಿ ಇಲ್ಲ, ಏಕೆಂದರೆ ಅದು ಹುಟ್ಟಿದ್ದು ಫಲಿತಾಂಶ ಬಂದ ಮೇಲೆ. ಹಾಗಾಗಿ ಕೂಡುವ ಕೆಲಸ ನಿಮ್ಮದೇ. ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ. ಮೊದಲನೆಯದರಲ್ಲಿ ಬಿಜೆಪಿ 161, ಶಿವಸೇನೆ 15, ಸಮತಾ 8, ಹರಿಯಾಣ ವಿಕಾಸ್ ಪಾರ್ಟಿ 3: ಒಟ್ಟು 187. ಆಮೇಲೆ ಜೊತೆಗೂಡಿದ ಅಕಾಲಿ ದಳದ 8 ಸೇರಿಸಿದರೆ 195. ಎರಡನೆಯದರಲ್ಲಿ ದಳ 46, ಸಿಪಿಎಂ 32, ಮಾನಿಲ ಕಾಂಗ್ರೆಸ್ 20, ಡಿಎಂಕೆ 17, ಸಮಾಜವಾದಿ 17, ತೆಲುಗು ದೇಶಂ 16, ಸಿಪಿಐ 12, ಅಸ್ಸಾಂ ಗಣ ಪರಿಷತ್ 5, ಆರ್‌ಎಸ್‌ಪಿ 5, ತಿವಾರಿ ಕಾಂಗ್ರೆಸ್ (ಕಾಂಗ್ರೆಸ್‌ನಿಂದ ಸಿಡಿದ ಬಣ) 4, ಫಾರ್ವರ್ಡ್ ಬ್ಲಾಕ್ 3: ಸಣ್ಣಪುಟ್ಟ ಪಕ್ಷಗಳನ್ನು ಬಿಟ್ಟು 177. ಮೂರನೆಯದರಲ್ಲಿ ಕಾಂಗ್ರೆಸ್ ಒಂದೇ, 140.

ಹಾಳೆಯನ್ನು ಹೀಗೆ ಬರೆದುಕೊಂಡರೆ ಮುಂದಿನ ಕಥೆಯೆಲ್ಲ ಅದರಲ್ಲೇ ಇದೆ. ಯಾವ ಒಂದು ಕಾಲಂ ತಾನಾಗಿ 272 ಮುಟ್ಟುವುದಿಲ್ಲ. ಎರಡನೆಯದು ಮತ್ತು ಮೂರನೆಯದು ಸೇರಿದರೆ ದಾಟುತ್ತದೆ. ಆದರೆ ಮೂರನೆಯ ಕಾಲಂನ 140 ಜನ ಮಂತ್ರಿಮಂಡಲದ ಹೊರಗೆ ಕೂತಿದ್ದರು. ಸರ್ಕಾರದ ಒಳಗಿನ ದೊಡ್ಡ ಪಕ್ಷಕ್ಕೆ 46, ಹೊರಗಿನಿಂದ ಬೆಂಬಲ ಕೊಟ್ಟ ಪಕ್ಷಕ್ಕೆ 140. ಸಿಪಿಎಂ ಕೂಡ ಹೊರಗಿನಿಂದಲೇ ಬೆಂಬಲ ಕೊಟ್ಟಿತು. ಸಿಪಿಐ ಒಳಗೆ ಬಂತು, ಇಂದ್ರಜಿತ್ ಗುಪ್ತಾ ಗೃಹ ಸಚಿವರಾದರು. ಈ ಅಸಮತೋಲನವೇ ಸರ್ಕಾರದ ಆಯಸ್ಸು ನಿರ್ಧರಿಸಿತು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹೆಸರು, ಸಂಕೇತ, ಕ್ಷೇತ್ರ

ಪಕ್ಷಗಳ ಸಂಕ್ಷಿಪ್ತಾಕ್ಷರ ಓದುವಾಗ ಎಚ್ಚರ ಬೇಕು. ಇಲ್ಲಿ ಟಿಎಂಸಿ ಅಂದರೆ ಮೂಪನಾರ್ ಅವರ ತಮಿಳು ಮಾನಿಲ ಕಾಂಗ್ರೆಸ್. ಮಮತಾ ಬ್ಯಾನರ್ಜಿ ಅವರ ತೃಣಮೂಲ ಹುಟ್ಟಿದ್ದೇ 1998ರಲ್ಲಿ. ಎಸ್‌ಎಪಿ ಸಮತಾ ಪಕ್ಷ, ಎಸ್‌ಪಿ ಸಮಾಜವಾದಿ. ಜೆಡಿ ಜನತಾದಳ, ಜೆಪಿ ಜನತಾ ಪಕ್ಷ. ಆ ವರ್ಷ ರಾಷ್ಟ್ರೀಯ ಪಕ್ಷಗಳ ಪಟ್ಟಿಯಲ್ಲಿ ಎಂಟು ಇವೆ, ಅವುಗಳಲ್ಲಿ ಸಮತಾ ಮತ್ತು ತಿವಾರಿ ಕಾಂಗ್ರೆಸ್ ಇವೆ, ಬಿಎಸ್‌ಪಿ ಇಲ್ಲ. ಇಂದಿನ ಪಟ್ಟಿಯನ್ನು ತಲೆಯಲ್ಲಿಟ್ಟುಕೊಂಡು ಹುಡುಕಿದರೆ ಬಿಎಸ್‌ಪಿ ಸಿಗುವುದಿಲ್ಲ, ರಾಜ್ಯ ಪಕ್ಷಗಳ ಭಾಗದಲ್ಲಿ ನೋಡಬೇಕು.

ಕ್ಷೇತ್ರಗಳ ಹೆಸರೂ ಹಾಗೆಯೇ. ಇವು 2008ರ ಪುನರ್ವಿಂಗಡಣೆಗೆ ಮುಂಚಿನವು. ಹಾವೇರಿ ಹುಡುಕಿದರೆ ಸಿಗದು, ಧಾರವಾಡ ದಕ್ಷಿಣ ನೋಡಿ. ಉತ್ತರ ಕನ್ನಡಕ್ಕೆ ಕೆನರಾ, ದಕ್ಷಿಣ ಕನ್ನಡಕ್ಕೆ ಮಂಗಳೂರು. ಉಡುಪಿ ಮತ್ತು ಚಿಕ್ಕಮಗಳೂರು ಬೇರೆ ಬೇರೆ ಕ್ಷೇತ್ರಗಳು. ಕುಮಾರಸ್ವಾಮಿ ಮೊದಲ ಸಲ ಗೆದ್ದ ಕನಕಪುರ ಲೋಕಸಭಾ ಕ್ಷೇತ್ರ ಈಗ ಇಲ್ಲವೇ ಇಲ್ಲ. ಹೆಸರು ಒಂದೇ ಇದ್ದರೂ ಒಳಗಿನ ವಿಧಾನಸಭಾ ಕ್ಷೇತ್ರಗಳು ಬದಲಾಗಿರುವುದರಿಂದ 1996ರ ಅಂತರವನ್ನು 2009ರ ನಂತರದ ಅಂತರದ ಜೊತೆ ನೇರವಾಗಿ ಹೋಲಿಸುವುದು ತಪ್ಪು.

ಬೆಳಗಾವಿಯ ಫಲಿತಾಂಶವನ್ನು ಮುದ್ರಿಸಿಕೊಳ್ಳುವ ಮುನ್ನ ಒಮ್ಮೆ ಯೋಚಿಸಿ. ಅಲ್ಲಿ 456 ಅಭ್ಯರ್ಥಿಗಳು! ಆಂಧ್ರದ ನಲ್ಗೊಂಡದಲ್ಲಿ 480. ಫ್ಲೋರೈಡ್ ನೀರಿನ ಸಂಕಟವನ್ನು ದೇಶದ ಗಮನಕ್ಕೆ ತರಲು ನಲ್ಗೊಂಡದ ಜನ ಸಾಲುಗಟ್ಟಿ ನಾಮಪತ್ರ ಹಾಕಿದ್ದರು. ಇಂಥ ಕಡೆ ಮೊದಲ ಎರಡು ಮೂರು ಸಾಲು ಬಿಟ್ಟರೆ ಉಳಿದದ್ದೆಲ್ಲ ಪಕ್ಷೇತರರೇ. ದೇಶದಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಪಕ್ಷೇತರರು ನಿಂತು ಗೆದ್ದವರು ಒಂಬತ್ತು ಜನ. ಆಗ ಠೇವಣಿ 500 ರೂಪಾಯಿ, ಪರಿಶಿಷ್ಟರಿಗೆ 250. ಸಿಂಧು ಮತಗಳ ಆರರಲ್ಲೊಂದು ಪಾಲು ಬರದಿದ್ದರೆ ಅದು ಹೋಯಿತು, 500 ರೂಪಾಯಿ ಹೋದರೆ ಯಾರೂ ಚಿಂತಿಸುತ್ತಿರಲಿಲ್ಲ. ಅದೇ ವರ್ಷ ಸಂಯುಕ್ತ ರಂಗದ ಕಾಲದಲ್ಲಿ ಜಾರಿಯಾದ ಜನಪ್ರಾತಿನಿಧ್ಯ ತಿದ್ದುಪಡಿ ಠೇವಣಿಯನ್ನು 10,000ಕ್ಕೆ (ಪರಿಶಿಷ್ಟರಿಗೆ 5,000ಕ್ಕೆ) ಏರಿಸಿತು, ಮಾನ್ಯತೆ ಪಡೆದ ಪಕ್ಷದವರಲ್ಲದ ಅಭ್ಯರ್ಥಿಗಳಿಗೆ ಹತ್ತು ಸೂಚಕರ ಸಹಿ ಬೇಕು ಎಂದಿತು. 1998ರ ವರದಿ ತೆರೆದರೆ ಅಭ್ಯರ್ಥಿಗಳ ಸಂಖ್ಯೆ 4,750. ಅಲ್ಪಾಯುಷಿ ಸರ್ಕಾರದ ಕಾಲದ ಒಂದು ಕಾನೂನು ಚುನಾವಣೆಯ ಸ್ವರೂಪವನ್ನೇ ಹೇಗೆ ಬದಲಿಸಿತು ಎಂಬುದಕ್ಕೆ ಈ ಎರಡು ವರದಿಗಳ ಒಂದೊಂದು ಸಾಲು ಸಾಕು. ಠೇವಣಿಯ ವಿಚಾರದಲ್ಲಿ 1991, 1996, 1998ರ ವರದಿಗಳನ್ನು ಒಟ್ಟಿಗೆ ಇಟ್ಟು ನೋಡುವುದು ಒಳ್ಳೆಯದು.

ಪಿಡಿಎಫ್‌ನಿಂದ ನಕಲಿಸಿ ಎಕ್ಸೆಲ್‌ಗೆ ಹಾಕುವವರಿಗೆ ಒಂದು ಮಾತು. ಕಾಲಂಗಳು ಒಂದರೊಳಗೊಂದು ನುಗ್ಗುತ್ತವೆ. ಅಭ್ಯರ್ಥಿಯ ಹೆಸರು ಉದ್ದವಿದ್ದರೆ ಎರಡನೇ ಸಾಲಿಗೆ ಜಾರಿ, ಅವರ ಮತ ಬೇರೊಬ್ಬರ ಹೆಸರಿನ ಎದುರು ಕೂರುತ್ತದೆ. ರಾಜ್ಯಕ್ಕೊಂದು ಹಾಳೆ ಮಾಡಿ, ಪ್ರತಿ ಕ್ಷೇತ್ರದ ಮತಗಳನ್ನು ಕೂಡಿ, ಎರಡನೇ ಸಂಪುಟದ ಸಿಂಧು ಮತಗಳ ಮೊತ್ತದ ಜೊತೆ ತಾಳೆ ನೋಡಿ. ತಾಳೆಯಾಗದ ಕ್ಷೇತ್ರದಲ್ಲಿ ಸಾಲು ಜಾರಿದೆ ಅಂತಲೇ ತಿಳಿಯಿರಿ.

ಸರ್ಕಾರ ಬಿದ್ದ ಕಥೆಗೆ ಚರ್ಚೆಗಳ ಸಂಪುಟ

ವರದಿ ನಿಲ್ಲುವುದು ಫಲಿತಾಂಶದ ದಿನ. ಉಪಚುನಾವಣೆ, ಪಕ್ಷಾಂತರ, ಖಾತೆ ಹಂಚಿಕೆ ಯಾವುದೂ ಅದರಲ್ಲಿಲ್ಲ. ಮುಂದಿನದನ್ನು ಓದಲು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಲೋಕಸಭಾ ಚರ್ಚೆಗಳು ಉಚಿತವಾಗಿ ಸಿಗುತ್ತವೆ. ವಿಷಯದ ಹೆಸರು ಹಾಕಿ ಹುಡುಕುವುದಕ್ಕಿಂತ ದಿನಾಂಕ ಹಾಕಿ ಹುಡುಕುವುದು ಮೇಲು. ಹಳೆಯ ಪುಟಗಳನ್ನು ಸ್ಕ್ಯಾನ್ ಮಾಡಿರುವುದರಿಂದ ಪದದ ಹುಡುಕಾಟ, ಅದರಲ್ಲೂ ಹಿಂದಿ ಭಾಗದಲ್ಲಿ, ನಂಬುವಂಥದ್ದಲ್ಲ.

ಬೇಕಾದ ದಿನಾಂಕಗಳು ಇವು. ವಾಜಪೇಯಿ ಪ್ರಮಾಣವಚನ ಸ್ವೀಕರಿಸಿದ್ದು 1996ರ ಮೇ 16. ವಿಶ್ವಾಸಮತದ ಚರ್ಚೆ ಮೇ 27 ಮತ್ತು 28, ಮತಕ್ಕೆ ಹಾಕುವ ಮುನ್ನವೇ ರಾಜೀನಾಮೆ. ಜೂನ್ 1ರಂದು ದೇವೇಗೌಡರು ಪ್ರಧಾನಿ, ಜೂನ್ 12ಕ್ಕೆ ಅವರು ವಿಶ್ವಾಸಮತ ಗೆದ್ದರು. 1997ರ ಮಾರ್ಚ್ 30ರಂದು ಸೀತಾರಾಂ ಕೇಸರಿ ನೇತೃತ್ವದ ಕಾಂಗ್ರೆಸ್ ಬೆಂಬಲ ವಾಪಸ್ ಪಡೆಯಿತು. ಏಪ್ರಿಲ್ 11ರಂದು ಸದನದಲ್ಲಿ ಸೋಲು. ಏಪ್ರಿಲ್ 21ರಂದು ಗುಜ್ರಾಲ್. ರಾಜೀವ್ ಹತ್ಯೆ ಕುರಿತ ಜೈನ್ ಆಯೋಗದ ವರದಿ ಹೊರಬಿದ್ದ ಮೇಲೆ ಡಿಎಂಕೆ ಸಚಿವರನ್ನು ಕೈಬಿಡಿ ಎಂದು ಕಾಂಗ್ರೆಸ್ ಪಟ್ಟು ಹಿಡಿಯಿತು, ಗುಜ್ರಾಲ್ ಒಪ್ಪಲಿಲ್ಲ, ನವೆಂಬರ್ 28ರಂದು ರಾಜೀನಾಮೆ ಕೊಟ್ಟರು. ಡಿಸೆಂಬರ್ 4ರಂದು ಲೋಕಸಭೆ ವಿಸರ್ಜನೆ. ದೇವೇಗೌಡರ ಅವಧಿ 324 ದಿನ, ಉಸ್ತುವಾರಿ ಕಾಲವೂ ಸೇರಿ ಗುಜ್ರಾಲ್ ಅವರದ್ದು 332.

ಇವುಗಳಲ್ಲಿ ಒಂದೇ ದಿನದ ಚರ್ಚೆ ಓದುವಷ್ಟು ಸಮಯ ಇದ್ದರೆ 1997ರ ಏಪ್ರಿಲ್ 11 ಓದಿ. ಕೊನೆಯಲ್ಲಿ ಮತವಿಭಜನೆಯ ಪಟ್ಟಿ ಇದೆ: ಪರ 158, ವಿರೋಧ 292. ವಿರೋಧದ ಪಟ್ಟಿಯಲ್ಲಿ ಬಿಜೆಪಿ ಮತ್ತು ಕಾಂಗ್ರೆಸ್ ಸದಸ್ಯರ ಹೆಸರುಗಳು ಒಟ್ಟಿಗೆ ಇವೆ, ಅದೊಂದೇ ಸಾಕು ಆ ದಿನದ ವಿಚಿತ್ರವನ್ನು ತಿಳಿಯಲು. ಸಭಾಧ್ಯಕ್ಷ ಸಂಗ್ಮಾ. ಮೊತ್ತವನ್ನು ಓದುವಾಗ ‘ತಿದ್ದುಪಡಿಗೆ ಒಳಪಟ್ಟು’ ಎಂಬ ಷರಾ ಇದೆಯೇ, ಅಡಿಟಿಪ್ಪಣಿಯಲ್ಲಿ ಚೀಟಿ ಮೂಲಕ ಮತ ದಾಖಲಿಸಿದವರ ಹೆಸರುಗಳಿವೆಯೇ ನೋಡಿ. ಬೇರೆ ಬೇರೆ ಕಡೆ ಒಂದೆರಡು ಮತ ಹೆಚ್ಚುಕಡಿಮೆ ಕಾಣುವುದು ಇದರಿಂದಲೇ.

ಪರವಾದ 158ರಲ್ಲಿ ದೇವೇಗೌಡರ ಹೆಸರು ಹುಡುಕಬೇಡಿ. ಅವರು ಪ್ರಧಾನಿಯಾದಾಗ ಸಂಸತ್ತಿನ ಯಾವ ಸದನದಲ್ಲೂ ಇರಲಿಲ್ಲ, ಆರು ತಿಂಗಳ ಗಡುವಿನೊಳಗೆ ಕರ್ನಾಟಕದಿಂದ ರಾಜ್ಯಸಭೆಗೆ ಬಂದರು. ಲೋಕಸಭೆಯಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ. ತನ್ನ ಸರ್ಕಾರದ ಉಳಿವಿಗೆ ತಾನೇ ಒಂದು ಮತ ಹಾಕಲು ಅವಕಾಶ ಇಲ್ಲದ ಪ್ರಧಾನಿ ಆ ದಿನ ಸದನದಲ್ಲಿ ನಿಂತು ಉತ್ತರ ಕೊಟ್ಟರು. ಗುಜ್ರಾಲ್ ಕೂಡ ರಾಜ್ಯಸಭೆಯವರೇ.

ಭಾಷೆಯ ವಿಚಾರದಲ್ಲೂ ಗಮನ ಇರಲಿ. ಇಂಗ್ಲಿಷ್ ಆವೃತ್ತಿಯಲ್ಲಿ ಹಿಂದಿಯಲ್ಲಿ ಆಡಿದ ಮಾತಿನ ಮೇಲೆ ‘ಅನುವಾದ’ ಎಂಬ ಗುರುತು ಇರುತ್ತದೆ. ವಾಜಪೇಯಿ ಅವರ ಮೇ 28ರ ಭಾಷಣವನ್ನು ಅನುವಾದದಲ್ಲಿ ಓದಿ ಅವರದೇ ಮಾತು ಎಂದು ಉದ್ಧರಣ ಚಿಹ್ನೆಯೊಳಗೆ ಹಾಕುವುದು ಸರಿಯಲ್ಲ. ಹಿಂದಿ ಪಾಠ ತೆಗೆದು ನೋಡಿ, ಅಲ್ಲಿಂದ ನೀವೇ ಕನ್ನಡಕ್ಕೆ ತನ್ನಿ.

ಯಾರಿಗೆ ಎಷ್ಟು ಬೇಕು

ಪರೀಕ್ಷೆಗೆ ಓದುವವರಿಗೆ ಮೊದಲ ಸಂಪುಟದ ಮೂರು ಕೋಷ್ಟಕ ಸಾಕು: ರಾಷ್ಟ್ರೀಯ ಪಕ್ಷಗಳ ಸಾಧನೆ, ರಾಜ್ಯಗಳಲ್ಲಿ ಪಕ್ಷಗಳು ಗೆದ್ದ ಸೀಟು, ರಾಜ್ಯಗಳಲ್ಲಿ ಪಕ್ಷಗಳು ಪಡೆದ ಮತ. ಇಡೀ ಸಂಪುಟ ಮುದ್ರಿಸಿಕೊಳ್ಳುವುದು ಕಾಗದ ದಂಡ. ಪತ್ರಕರ್ತರು ಇವುಗಳ ಜೊತೆ ತಮ್ಮ ಜಿಲ್ಲೆಯ ಕ್ಷೇತ್ರಗಳ ಪುಟಗಳನ್ನು ಎರಡೂ ಸಂಪುಟಗಳಿಂದ ತೆಗೆದಿಟ್ಟುಕೊಳ್ಳಲಿ. ಸಂಶೋಧಕರಿಗೆ ಎಲ್ಲವೂ ಬೇಕು, ಏಪ್ರಿಲ್ 11ರ ಮತಪಟ್ಟಿಯನ್ನು ಗೆದ್ದವರ ಪಟ್ಟಿಯ ಜೊತೆ ಹೆಸರು ಹೆಸರಾಗಿ ಹೊಂದಿಸುವ ಕೆಲಸವೂ ಸೇರಿ. ಹೊಂದಿಸುವಾಗ ಮೊದಲಕ್ಷರಗಳಿಂದ ಶುರು ಮಾಡಬೇಡಿ. ಒಂದು ಕಡೆ ಮನೆತನದ ಹೆಸರು ಮುಂದಿರುತ್ತದೆ, ಇನ್ನೊಂದು ಕಡೆ ಹಿಂದಿರುತ್ತದೆ. ಎರಡೂ ಪಟ್ಟಿಗಳಲ್ಲಿ ಪ್ರತಿ ಹೆಸರಿನ ಎದುರು ಮೊದಲು ಕ್ಷೇತ್ರದ ಹೆಸರು ಬರೆದುಕೊಂಡು, ಅದರ ಆಧಾರದ ಮೇಲೆ ಜೋಡಿಸಿ.